ಎಮ್ಮಿ ತರಾಕ ಹೋದ ಭರಮಪ್ಪ

ಬರ್ರಿ, ಹತ್ರ ಬಂದು ಕೂಡ್ರಿ. ನನ್ನ ದನಿ ಮೊದಲಿನಂಗಿಲ್ಲ, ದೂರ ಕುಂತವರಿಗೆ ಅರ್ಧ ಕತಿನ ಸಿಗೋದು. ಎಲಿ ಅಡಕಿ ಹಾಕ್ಕೊಳ್ಳೋರು ಈಗ ಹಾಕ್ಕೊಂಡು ಬಿಡ್ರಿ. ನಡುವ "ಸುಣ್ಣ ಕೊಡೋ" ಅಂತ ಯಾರರ ಕೂಗಿದ್ರ ನಾ ಎದ್ದು ಹೋಗಾಕಿ.

ಒಂದು ಸೀಮಿ ಇತ್ತಂತ. ಯಾವ ಸೀಮಿ? ನಮ್ಮಜ್ಜಿಗೆ ಗೊತ್ತಿತ್ತು, ನನಗ ಹೇಳದ ಹೋದ್ಲು. ಆ ಸೀಮ್ಯಾಗ ಒಂದು ಊರು, ಊರಾಗ ಒಬ್ಬ ಭರಮಪ್ಪ. ಊರಿನ ಗಡ್ಡ ಮೀಸಿ ಎಲ್ಲಾ ಅವನ ಕೈಯಾಗ. ಕೈ ಅಂದ್ರ ಎಂಥಾ ಕೈ! ಅಂವ ಬೋಳಸಾಕ ಕುಂತ್ರ ಗೌಡ ನಿದ್ದಿ ಮಾಡತಿದ್ದ, ಶಾನುಭೋಗ ನಿದ್ದಿ ಮಾಡತಿದ್ದ, ಅಳೋ ಕೂಸು ಸೈತ ನಿದ್ದಿ ಮಾಡತಿತ್ತು.

ಆ ಊರಾಗ ಒಂದು ಪದ್ಧತಿ. ಗಡ್ಡ ಬೋಳಿಸಿದ ಮ್ಯಾಲ ಯಾರೂ ಕೈಗೆ ಏನೂ ಕೊಡಂಗಿಲ್ಲ. ಕೊಟ್ರ ಭರಮಪ್ಪನೂ ತಗೊಳ್ಳಂಗಿಲ್ಲ. ವರ್ಷಪೂರ್ತಿ ಕೆಲಸ ಮಾಡೋದು, ಸುಗ್ಗಿ ಬಂದಾಗ ಕಣಕ್ಕ ಹೋಗಿ ನಿಂದ್ರೋದು. ಮನಿ ಮನಿಯವರೂ ರಾಶಿಯಿಂದ ಜ್ವಾಳ ಅಳದು ಚೀಲಕ್ಕ ಹಾಕೋರು. ಅದಕ್ಕ ಆಯ ಅಂತಿದ್ರು. ಭರಮಪ್ಪನ ಅಪ್ಪ ಹಂಗ ಮಾಡಿದ್ದ, ಅವನ ಅಜ್ಜ ಹಂಗ ಮಾಡಿದ್ದ, ಭರಮಪ್ಪನೂ ಹಂಗ ಮಾಡತಿದ್ದ. ಬೋಳಿಸಿದ ಕೂಡ್ಲೆ ಕೈ ಚಾಚೋದಂದ್ರ ಅವಗ ಜೀವ ಹೋದಂಗ.

ಚಂದ ಇತ್ತಲ್ಲ ಬಾಳೇವು? ಇತ್ತು. ಆದ್ರ ಮನ್ಯಾಗ ಸಾವಂತ್ರೆವ್ವ ಇದ್ಲು, ಭರಮಪ್ಪನ ಹೆಂಡ್ತಿ. ಆಕಿಗೆ ಸಿಟ್ಟು ಮೂಗಿನ ತುದಿಮ್ಯಾಲ. ಮನ್ಯಾಗ ಜ್ವಾಳ ಐತಿ, ಹಾಲಿಲ್ಲ. ದಿನಾ ಒಂದು ಗಡಿಗಿ ಹಿಡ್ಕೊಂಡು ಬಾಜೂ ಮನಿಗೆ ಮಜ್ಜಿಗಿ ಕೇಳಾಕ ಹೋಗಬೇಕು. ಬಾಜೂ ಮನ್ಯಾಕಿ ಮಜ್ಜಿಗಿಗೆ ನೀರೂ ಹಾಕಾಕಿ, ಮ್ಯಾಲ ಒಂದು ಮಾತೂ ಹಾಕಾಕಿ. ನೀರು ತಡಕೋಬಹುದು, ಮಾತು ತಡಕೊಳ್ಳೋದು ಹೆಂಗ?

ಒಂದಿನ ಸಾವಂತ್ರೆವ್ವ ಗಡಿಗಿ ಕುಕ್ಕಿ ಇಟ್ಟಾಕಿನ, ಸೀರಿ ಗಂಟು ಕಟ್ಟಿದ್ಲು.

"ಎಲ್ಲಿಗೆ?" ಅಂದ ಭರಮಪ್ಪ.

"ತವರಮನಿಗೆ."

"ಯಾವಾಗ ಬರ್ತೀ?"

"ಮನಿ ಮುಂದ ಎಮ್ಮಿ ಕಟ್ಟು. ಅವತ್ತ ಬರ್ತೀನಿ."

ಹೋಗೇಬಿಟ್ಲು. ಭರಮಪ್ಪ ಬಾಗಲಾಗ ಕುಂತ. ಒಲಿ ಮ್ಯಾಲ ಅಂಬಲಿ ಹೊತ್ತಿತು, ಗೊತ್ತಾಗಲಿಲ್ಲ. ಮನಿ ಬಣಬಣ ಅಂತಿತ್ತು. ಬೈಯೋರಿಲ್ಲದ ಮನ್ಯಾಗ ಅನ್ನ ಹೆಂಗ ಇಳೀತೈತಿ ಹೇಳ್ರಿ? ನಗಬ್ಯಾಡ್ರಿ, ಮದುವಿ ಆದವರಿಗೆ ಗೊತ್ತಾಗತೈತಿ.

ಎದ್ದು ಸಂಗನಗೌಡನ ದೊಡ್ಡಿಗೆ ಹೋದ. ಸಂಗನಗೌಡ ಎಮ್ಮಿ ಮಾರಾವ.

"ಅಣ್ಣಾ, ಎಮ್ಮಿಗೇನು ಬೆಲಿ?"

"ಹತ್ತು ವರಹ."

"ಜ್ವಾಳ ಕೊಡ್ತೀನಿ."

"ಜ್ವಾಳ ನನ್ನ ಹಗೇವಿನಾಗ ಹುಳಾ ಹಿಡೀಲಿಕ್ಕತ್ತೈತಿ ಮಾರಾಯಾ. ವರಹ ತಾ, ಎಮ್ಮಿ ಹೊಡ್ಕೊಂಡು ಹೋಗು."

ಭರಮಪ್ಪ ಹುಟ್ಟಿದಾಗಿಂದ ವರಹ ಕಣ್ಣಿಲೆ ನೋಡಿದ್ದಿಲ್ಲ. ಅಷ್ಟರಾಗ ಊರಿಗೆ ಒಬ್ಬ ಬಳಿಗಾರ ಬಂದಿದ್ದ, ದೇಶ ತಿರುಗಿದಾವ. ಅಂವ ಅಂದ, "ಅಲ್ಲೋ ಹುಚ್ಚಾ, ಮೂಡಣ ದೇಶಕ್ಕ ಹೋಗು. ಅಲ್ಲಿ ಬಂಗಾರದ ಗುಡ್ಡ ಸಿಕ್ಕೈತಿ. ಒಂದು ಗಡ್ಡ ಬೋಳಿಸಿದ್ರ ಒಂದು ವರಹ!"

ಒಂದು ಗಡ್ಡಕ್ಕ ಒಂದು ವರಹ! ಭರಮಪ್ಪ ಬೆರಳು ಮಡಚಿ ನೋಡಿದ. ಹತ್ತು ಗಡ್ಡಕ್ಕ ಒಂದು ಎಮ್ಮಿ. ಅವನ ಎದಿಯಾಗ ಎಮ್ಮಿ ಅಂಬಾ ಅಂತು. ಕತ್ತಿ ಇದ್ದ ಅಡಪದ ಚೀಲ ಹೆಗಲಿಗೆ ಹಾಕ್ಕೊಂಡ, ಬಾಗಲಕ್ಕ ಕೀಲಿ ಜಡದ, ಹೊಂಟ.

ನಡದ, ನಡದ, ನಡದ. ಮೂಡಣ ದೇಶ ಮುಟ್ಟಿದ.

ಏನ್ ದೇಶರೀ ಅದು! ಮಂದಿ ನಡ್ಯಂಗಿಲ್ಲ, ಓಡತಾರ. ಮನಿ ಮ್ಯಾಲ ಮನಿ ಕಟ್ಟತಾರ, ಕಟ್ಟಿದ್ದರ ಮ್ಯಾಲ ಇನ್ನೊಂದು ಕಟ್ಟತಾರ. ರಾಜ ಗುಡ್ಡ ಅಗದು ಅಗದು ನಾಣ್ಯ ಹೊಡಸ್ತಾನ. ಭಿಕ್ಷುಕನ ಜೋಳಗಿಯಾಗ ಸೈತ ಝಣಝಣ. ಭರಮಪ್ಪ ಒಂದು ಅರಳಿಕಟ್ಟಿ ಮ್ಯಾಲ ಕುಂತ, ಕತ್ತಿ ಮಸದ. ಮಂದಿ ಸಾಲು ಹಚ್ಚಿದ್ರು. ಮೊದಲನೇದಾವ ಒಬ್ಬ ಸಾವಕಾರ, ಹೆಸರು ರಾವುತಪ್ಪ. ಗಡ್ಡ ಬೋಳಿಸಿಕೊಂಡು, ಗಲ್ಲ ಸವರಿಕೊಂಡು, ಒಂದು ವರಹ ತಗದ.

ಭರಮಪ್ಪ ಹಿಂದಕ್ಕ ಸರದ. "ಛೆ ಛೆ! ಇದೇನ್ರೀ? ನಮ್ಮ ಕಡೆ ಹಿಂಗ ಕೈಗೆ ಇಸಗೊಳ್ಳೋದು ಮರ್ಯಾದಿ ಅಲ್ಲ. ಗಡ್ಡಕ್ಕ ಒಂದು ವರಹ ಖರೆ. ಎಲ್ಲಾ ಕೂಡಿಸಿ ಸುಗ್ಗಿಗೆ ಕೊಡ್ರಿ."

"ಸುಗ್ಗಿಗೆ?"

"ಸುಗ್ಗಿಗೆ."

"ಅವತ್ತೂ ಒಂದಾ ವರಹ?"

"ಮಾತಂದ್ರ ಮಾತು!"

ರಾವುತಪ್ಪ ಭರಮಪ್ಪನ ಎರಡೂ ಕೈ ಹಿಡಕೊಂಡ. "ನಿನ್ನಂಥಾವರು ಈ ದೇಶಕ್ಕ ಬರಬೇಕಪ್ಪಾ," ಅಂದ. ಪ್ಯಾಟಿಗೆ ಹೋಗಿ ನಾಕು ಮಂದಿಗೆ ಹೇಳಿದ. ನಾಕು ಮಂದಿ ನಲವತ್ತು ಮಂದಿಗೆ ಹೇಳಿದ್ರು. ಅವತ್ತಿಂದ ಭರಮಪ್ಪಗ ಉಸಿರು ಬಿಡಾಕ ಪುರಸೊತ್ತಿಲ್ಲ.

ಕೇಳ್ರಿ ಇಲ್ಲಿ. ಅಂವ ಊಟ ಮಾಡತಿದ್ದದ್ದು ಚಂಪವ್ವನ ಖಾನಾವಳ್ಯಾಗ. ಆಕಿ ಗಂಡು ಮಕ್ಕಳಿಗೆ ಅಂವ ಬೋಳಸ್ತಿದ್ದ, ಆಕಿ ರೊಟ್ಟಿ ಹಾಕತಿದ್ಲು. ಖಾನಾವಳಿ ಬಾಗಲಾಗ ಒಂದು ಹಲಗಿ, ಹಲಗಿ ಮ್ಯಾಲ ರೊಟ್ಟಿ ಬೆಲಿ. ಮುಂಜಾನೆ ಒಂದು ಬೆಲಿ, ಮಧ್ಯಾಹ್ನ ಒಂದು ಬೆಲಿ. ಅಳಿಸಿ ಬರಿಯಾಕಂತನ ಒಬ್ಬಾವನ್ನ ಇಟ್ಟಿದ್ಲು, ಅಂವ ಸಂಬಳ ಏರಿಸು ಅಂತ ದಿನಾ ಅಳಾವ. ಕೂಡುವಾಗ ಒಂದು ಬೆಲಿ, ಕೈ ತೊಳಿಯಾಕ ಎದ್ದಾಗ ಇನ್ನೊಂದು. ಅದಕ್ಕ ಆ ದೇಶದ ಮಂದಿ ಗಬಗಬಾ ತಿನ್ನೋರು, ಬಿಕ್ಕಳಿಸಿದ್ರ ನುಕ್ಸಾನ.

ಚಂಪವ್ವ ಒಳ್ಳೇಕಿ. ಒಂದಿನ ಅಂದ್ಲು, "ಭರಮಪ್ಪಾ, ಬರೋದು ಇವತ್ತ ಇಸಗೋ. ಇವತ್ತಿನ ವರಹ ನಾಳಿಗೆ ಬರಂಗಿಲ್ಲ."

"ಎಲ್ಲಿಗೆ ಹೋಗತೈತಿ ಬೇ? ವರಹ ವರಹನ ಅಲ್ಲೇನು?"

"ವರಹ ವರಹನ. ರೊಟ್ಟಿ ರೊಟ್ಟಿ ಆಗಿ ಉಳ್ಯಂಗಿಲ್ಲ."

ಭರಮಪ್ಪ ನಕ್ಕ. ಪಾಪ, ಹೆಣ್ಣುಮಗಳು, ರೊಟ್ಟಿ ಬಡಿಯಾಕಿಗೆ ಏನ್ ಗೊತ್ತು ಅಂದ್ಕೊಂಡ. ಗಂಡಸರು ಹಿಂಗ ಅಂದ್ಕೊಂಡಾಗೆಲ್ಲಾ ಏನಾಗತೈತಿ ಅಂತ ನಾ ಹೇಳಬೇಕಾ?

ಸುಗ್ಗಿ ಬಂತು. ಸಾವಕಾರ್ರೆಲ್ಲಾ ನಗ್ತಾ ನಗ್ತಾ ಬಂದ್ರು, ಒಬ್ರೂ ಮೋಸ ಮಾಡಲಿಲ್ಲ. ಗಡ್ಡಕ್ಕ ಒಂದು ವರಹದಂಗ ಸುರದ್ರು. ಚೀಲ ತುಂಬಿತು. ಭರಮಪ್ಪ ಚೀಲ ಎತ್ತಾಕಾಗದ ಎಳಕೊಂತ ದನದ ಸಂತಿಗೆ ಹೋದ. ದಾರಿಯುದ್ದಕ್ಕೂ ಸಾವಂತ್ರಿ ನಗಿ ಮೋತಿನ ಕಣ್ಣ ಮುಂದ.

"ಅಣ್ಣಾ, ಎಮ್ಮಿಗೇನು ಬೆಲಿ?"

ಮಾರಾವ ಚೀಲ ನೋಡಿದ. "ಇಂಥಾವು ಎಷ್ಟು ಬಂಡಿ ಬರ್ತಾವು ಹಿಂದ?"

"ಬಂಡಿ? ಇದೊಂದ ಚೀಲ."

"ಒಂದು ಚೀಲಕ್ಕ..." ಮಾರಾವ ಎಮ್ಮಿ ಕಡೆ ನೋಡಿದ, ಭರಮಪ್ಪನ ಕಡೆ ನೋಡಿದ. "ಒಂದು ಚೀಲಕ್ಕ ಎಮ್ಮಿ ಹಗ್ಗ ಬರತೈತಿ. ಲಗೂ ತಗೋ ತಮ್ಮಾ, ಸಂಜಿಗೆ ಅದೂ ಬರಂಗಿಲ್ಲ."

ಭರಮಪ್ಪ ಹಗ್ಗ ತಗೊಂಡ. ಹಗ್ಗ ಹಿಡಕೊಂಡು ಸಂತ್ಯಾಗ ನಡುವ ನಿಂತು ಅತ್ತ. ಆ ದೇಶದಾಗ ಯಾರಿಗೂ ನಿಂತು ನೋಡಾಕ ಪುರಸೊತ್ತಿರಲಿಲ್ಲ.

ಹಗ್ಗ ಹಿಡಕೊಂಡು ಮನಿಗೆ ಹೋಗೋದು ಹೆಂಗ? ಪಡುವಣ ದೇಶ ಒಂದೈತಿ, ಅಲ್ಲಿ ಎಮ್ಮಿ ಸೋವಿ ಅಂತ ಯಾರೋ ಅಂದ್ರು. ಹೊಂಟ. ನಡದ, ನಡದ, ನಡದ. ದಾರ್ಯಾಗ ಆಣಿ ಮಾಡಿಕೊಂಡ. "ಇನ್ನ ಸುಗ್ಗಿ ಗಿಗ್ಗಿ ಇಲ್ಲ. ಕೈಯಾಗ ವರಹ ಇಟ್ರ ಕತ್ತಿ ತೆಗೀತೀನಿ, ಇಲ್ಲಂದ್ರ ಇಲ್ಲ."

ಪಡುವಣ ದೇಶ ಮುಟ್ಟಿದ. ಊರ ಬಾಗಲಾಗ ಒಬ್ಬ ಎಮ್ಮಿ ಹಿಡ್ಕೊಂಡು ನಿಂತಿದ್ದ. ಭರಮಪ್ಪಗ ತಡೀಲಿಲ್ಲ.

"ಅಣ್ಣಾ, ಎಮ್ಮಿಗೇನು ಬೆಲಿ?"

"ಒಂದು ವರಹ."

"ಒಂದಾ?"

"ಹೆಚ್ಚಾತೇನು? ಅರ್ಧ ಕೊಡು. ಕರಾನೂ ಹೊಡ್ಕೊಂಡು ಹೋಗು."

ಅಯ್ಯೋ ಶಿವನೇ! ಚೀಲ ತುಂಬ ವರಹ ಕೊಟ್ಟು ಹಗ್ಗ ತಗೊಂಡಾವ ಇಲ್ಲಿ ಒಂದು ವರಹ ಇಲ್ಲದ ನಿಂತಾನ. ಹಗ್ಗ ಐತಿ, ಎಮ್ಮಿ ಐತಿ, ನಡುವ ಒಂದು ವರಹ ಇಲ್ಲ. ಇರಲಿ, ಒಂದು ಗಡ್ಡ ಬೋಳಿಸಿದ್ರ ಆತು ಅಂತ ಕಟ್ಟಿ ಮ್ಯಾಲ ಕುಂತ. ಕತ್ತಿ ಮಸದ. "ವರಹ ಮೊದಲು, ಕ್ಷೌರ ಆಮ್ಯಾಲ!" ಅಂತ ಕೂಗಿದ.

ಒಬ್ರೂ ಬರಲಿಲ್ಲ.

ಬರ್ತಾರ ಹೆಂಗ? ಆ ದೇಶದವರು ಕಂಬಳಿ ನೇದು ಮೂಡಣ ದೇಶಕ್ಕ ಮಾರಿ ಬದುಕಿದ್ದವರು. ಮೂಡಣದವರು ರೊಕ್ಕ ಬಂತಂತ ರೇಶಿಮಿ ಹೊದಿಯಾಕ ಹತ್ತಿದ್ರು. ಕಂಬಳಿ ಉಳೀತು. ನೇಕಾರ ಗಡಿಗಿ ಕೊಳ್ಳೋದು ಬಿಟ್ಟ. ಗಡಿಗಿ ಹೋಗಲಿಲ್ಲಂತ ಕುಂಬಾರ ಎಣ್ಣಿ ಬಿಟ್ಟ. ಎಣ್ಣಿ ಹೋಗಲಿಲ್ಲಂತ ಗಾಣಿಗ ಕಂಬಳಿ ಬಿಟ್ಟ. ಇದ್ದಬದ್ದ ನಾಣ್ಯ ಎಲ್ಲಾರೂ ಒಲಿ ಬುಡಕ ಹೂತು, ಅದರ ಮ್ಯಾಲ ಕುಂತು, ಬಾಜೂದವ ಮೊದಲು ಖರ್ಚು ಮಾಡಲಿ ಅಂತ ಕಾಯಾಕ ಹತ್ತಿದ್ರು. ರಾಜ ಡಂಗುರ ಹೊಡಿಸಿದ, "ಎಲ್ಲಾರೂ ಖರ್ಚು ಮಾಡ್ರೋ!" ಅಂತ. ಡಂಗುರದಾವಗ ಕೂಲಿ ಕೊಡಲಿಲ್ಲ. ಅಂವ ಎರಡನೇ ಓಣಿಗೆ ಹೋಗಲಿಲ್ಲ.

ಹಿಂಗಾಗಿ ದೇಶಕ್ಕ ದೇಶನ ಗಡ್ಡ. ಮುದುಕರಿಗೆ ಗಡ್ಡ, ಹುಡುಗರಿಗೆ ಗಡ್ಡ, ರಾಜಗಂತೂ ಕಾಲತನಕ ಗಡ್ಡ. ಭರಮಪ್ಪ ಕುಂತಾನ ಗಡ್ಡದ ಸಮುದ್ರದಾಗ, ಕತ್ತಿಗೆ ಕೆಲಸಿಲ್ಲ. ಹೊಟ್ಟಿ ತಾಳ ಹಾಕಾಕತ್ತಿತು.

ಒಬ್ಬ ಕುಂಬಾರ ಬಂದು ಬಾಜೂಕ ಕುಂತ, ಗೂಳಪ್ಪ ಅಂತ ಅವನ ಹೆಸರು. ಗಡ್ಡ ಕೆರಕೊಂತ ಕೇಳಿದ, "ನಿಮ್ಮೂರಾಗೂ ಹಿಂಗ ವರಹ ಮೊದಲು ಅಂತೀಯೇನು?"

"ಇಲ್ಲಪ್ಪಾ. ಅಲ್ಲಿ ಸುಗ್ಗಿಗೆ ಇಸಗೋತಿದ್ದೆ. ಆ ಪದ್ಧತಿನ ನನ್ನ ಹಾಳ ಮಾಡಿತು." ಭರಮಪ್ಪ ಮೂಡಣ ದೇಶದ ಕತಿ ಹೇಳಿದ, ಹಗ್ಗ ತೋರಿಸಿದ.

ಗೂಳಪ್ಪ ಹಗ್ಗ ಮುಟ್ಟಿ ನೋಡಿದ. "ನಿಮ್ಮೂರಾಗ ಸುಗ್ಗಿಗೆ ಏನ್ ಕೊಡತಿದ್ರು?"

"ಜ್ವಾಳ."

"ಹೋದ ವರ್ಷದ ಸೇರು ಜ್ವಾಳಕ್ಕ ಎಷ್ಟು ರೊಟ್ಟಿ ಆಗ್ತಿದ್ವು?"

"ಈ ವರ್ಷ ಆಗೋವಷ್ಟ."

"ಮತ್ತ ಹಾಳ ಮಾಡಿದ್ದು ಸುಗ್ಗಿ ಹೆಂಗಾತೋ ಭರಮಪ್ಪಾ?"

ಭರಮಪ್ಪ ಕೈಯಾಗಿನ ಹಗ್ಗ ನೋಡಿದ. ಚಂಪವ್ವ ಹೇಳಿದ್ದು ಆವಾಗ ತಲಿಯಾಗ ಇಳೀತು, ಒಂದು ದೇಶ ತಡಾ ಆಗಿ. ಎದ್ದ. ಗೂಳಪ್ಪನ ಕೊರಳಿಗೆ ಅರಿವಿ ಸುತ್ತಿದ, ನೀರು ಹಚ್ಚಿದ.

"ಏ, ನನ್ನ ಹತ್ರ ವರಹ ಇಲ್ಲೋ!"

"ಯಾರು ಕೇಳ್ಯಾರ? ಸುಗ್ಗಿಗೆ ಕೊಡು. ನಿನ್ನ ಕೈಯಿಂದ ಏನ್ ಆಗತೈತೋ ಅದನ್ನ ಕೊಡು."

ಗೂಳಪ್ಪನ ಗಡ್ಡ ಹೋತು, ಒಳಗಿಂದ ಒಬ್ಬ ಹರೇದಾವ ಬಂದ. ಮನಿಗೆ ಹೋದ್ರ ಹೆಂಡ್ತಿ ಮೊದಲು ಸೆರಗು ಹೊತ್ಕೊಂಡ್ಲು, ಆಮ್ಯಾಲ ಗುರ್ತು ಹಿಡದು ನಕ್ಲು. ಗೂಳಪ್ಪಗ ಹುರುಪು ಬಂತು. ಒಂದು ಗಡಿಗಿ ಎತ್ಕೊಂಡು ನೇಕಾರನ ಮನಿಗೆ ಹೋದ. "ಇದನ್ನ ಇಟ್ಕೋ. ಸುಗ್ಗಿಗೆ ಒಂದು ಕಂಬಳಿ ಕೊಡು," ಅಂದ. ನೇಕಾರ ಗಾಣಿಗನ ಮನಿಗೆ ಹೋದ, ಗಾಣಿಗ ರೈತನ ಮನಿಗೆ ಹೋದ, ರೈತ ಓಡಿಬಂದು ಭರಮಪ್ಪನ ಮುಂದ ಕುಂತ. ಸುಮ್ನಿದ್ದ ಮಗ್ಗ ಟಕಟಕ ಅಂತು. ಗಾಣ ಕಿರ್ ಅಂತು. ಗಡಿಗಿ ಸುಡೋ ಆವಿಗಿಯಿಂದ ಹೊಗಿ ಎದ್ದಿತು. ನಾಣ್ಯ ಒಂದೂ ಒಲಿ ಬುಡದಿಂದ ಅಲುಗಲಿಲ್ಲ, ದೇಶ ಮಾತ್ರ ಎದ್ದು ಕುಂತಿತು.

ಸಪ್ಪಳ ಕೇಳಿ ರಾಜ ಬಂದ. ಗಡ್ಡ ಕಂಕುಳಾಗ ಹಿಡಕೊಂಡು ಬಂದ, ಇಲ್ಲಂದ್ರ ಕಾಲಾಗ ಸಿಗತಿತ್ತು. ಭರಮಪ್ಪನ ಮುಂದ ಕುಂತ.

"ನನಗೂ ಬೋಳಸಪ್ಪಾ. ಬಂಗಾರದ ವರಹ ಕೊಡ್ತೀನಿ."

"ವರಹ ಬ್ಯಾಡ್ರಿ ದೊರೀ. ಎಲ್ಲಾರಿಗೂ ಒಂದಾ ಪದ್ಧತಿ. ನಿಮ್ಮ ಕೈಯಿಂದ ಆಗಿದ್ದು ಕೊಡ್ರಿ."

ರಾಜನ ಕೈಯಿಂದ ಆಗೋದು ಏನ್ರೀ? ನೀವು ಹೇಳ್ರಿ ನೋಡೋಣು. ಗಡಿಗಿ ಆಗತೈತೇನು? ಕಂಬಳಿ ಆಗತೈತೇನು? ಡಂಗುರ ಆಗತೈತಿ, ಅದೂ ಬ್ಯಾರೇದಾವ ಹೊಡೀಬೇಕು. ರಾಜ ತನ್ನ ಅಂಗೈ ತಾನ ನೋಡ್ಕೊಂಡ. ಆಮ್ಯಾಲ ಸಣ್ಣ ದನಿಲೆ ಅಂದ, "ಸಂಬಳ ಇಲ್ಲಂತ ಆಳು ಬಿಟ್ಟು ಹೋಗ್ಯಾರ. ಒಂದು ಎಮ್ಮಿ ಮಣಕ ಉಳದೈತಿ, ಇನ್ನೂ ಈದಿಲ್ಲ. ಹುಲ್ಲು ಹಾಕಿ, ಮೈ ತೊಳದು, ನಾನ ಜ್ವಾಪಾನ ಮಾಡೇನಿ. ಸುಗ್ಗಿ ಹೊತ್ತಿಗೆ ಎಮ್ಮಿ ಆಗತೈತಿ. ಅದು ನಡೀತೈತೇನು?"

ಭರಮಪ್ಪನ ಲಕ್ಷ್ಯ ಕತ್ತಿ ಬಿಟ್ಟು ಎಮ್ಮಿ ಕಡೆ ಹೋತು. "ನಡೀತೈತ್ರಿ," ಅಂದ. ರಾಜನ ಗಲ್ಲಕ್ಕ ಎರಡು ಗೀರು ಬಿದ್ವು, ಅವತ್ತ ಭರಮಪ್ಪಗ ಯಾರೂ ಏನೂ ಅನಲಿಲ್ಲ.

ಸುಗ್ಗಿ ಬಂತು. ಗಡಿಗಿ ಬಂದ್ವು, ಕಂಬಳಿ ಬಂದ್ವು, ಜ್ವಾಳ ಬಂತು. ರಾಜ ತಾನ ಎಮ್ಮಿ ಹಿಡ್ಕೊಂಡು ಬಂದ. ಕಪ್ಪಗ, ದುಂಡಗ, ಮಿಂಚಾಕತ್ತಿತ್ತು. ಕೊಡುವಾಗ ರಾಜನ ಕಣ್ಣಾಗ ನೀರು. ರಾಜ್ಯ ಕೊಡುವಾಗ ಹಿಂಗ ಅಳತಿದ್ದಿಲ್ಲ ಬಿಡ್ರಿ, ಅದನ್ನೇನು ಅಂವ ಹುಲ್ಲು ಹಾಕಿ ಸಾಕಿದ್ನಾ?

ಭರಮಪ್ಪ ಊರ ದಾರಿ ಹಿಡದ. ಮುಂದ ಎಮ್ಮಿ, ಹಿಂದ ಭರಮಪ್ಪ, ಮೋತಿ ಮ್ಯಾಲ ಮೊಳದುದ್ದ ಗಡ್ಡ. ಊರಿಗೆಲ್ಲಾ ಬೋಳಿಸಿದಾವಗ ತನ್ನದು ಬೋಳಿಸ್ಕೊಳ್ಳಾಕ ನೆನಪಾಗಿರಲಿಲ್ಲ. ದಾರಿಯುದ್ದಕ್ಕೂ ಎಮ್ಮಿ ಜೋಡಿ ಮಾತಾಡಿಕೊಂತ ಬಂದ. "ನಿನ್ನ ಕಟ್ಟತೀನಿ, ಹಂಗ ಓಡಿ ಹೋಗಿ ಸಾವಂತ್ರಿನ ಕರೀತೀನಿ, ಆಕಿ ಬಂದು ನಿನಗ ಕುಂಕುಮಾ ಹಚ್ಚತಾಳ." ಎಮ್ಮಿ ಹೂಂ ಅಂತಿತ್ತು.

ಮನಿ ಮುಂದ ಬಂದ್ರ ಏನ್ ನೋಡತಾನ? ಮನಿ ಮುಂದ ಒಂದು ಎಮ್ಮಿ ಕಟ್ಟೈತಿ. ಬಾಗಲಾ ತೆರದೈತಿ. ಕಟ್ಟಿ ಮ್ಯಾಲ ಗಂಡಸರ ಸಾಲು. ಮನಿ ಯಾರೋ ನುಂಗಿದ್ರು ಅಂದ್ಕೊಂಡು ಸಾಲಿನ ಕಡೇಕ ನಿಂತಾವನ್ನ ಕೇಳಿದ, "ಯಪ್ಪಾ, ಈ ಎಮ್ಮಿ ಯಾರದು?"

"ಎಮ್ಮಿ ಸಾವಂತ್ರೆವ್ವಂದು. ನೀ ಯಾವೂರಾವ? ಗಡ್ಡ ಬೋಳಿಸಬೇಕಾದ್ರ ನನ್ನ ಹಿಂದ ನಿಂದ್ರು."

ಇಣಿಕಿ ನೋಡ್ತಾನ, ಸಾವಂತ್ರೆವ್ವ! ಸೆರಗು ಸೊಂಟಕ್ಕ ಸಿಗಿಸ್ಯಾಳ, ಕೈಯಾಗ ಕತ್ತಿ, ಆಕಿ ಮುಂದ ಗೌಡ ನಿದ್ದಿ ಮಾಡಾಕತ್ಯಾನ.

ಆಗಿದ್ದೇನು ಗೊತ್ತೇನು? ಭರಮಪ್ಪ ಹೋದ ಮ್ಯಾಲ ಊರಿಗೆಲ್ಲಾ ಗಡ್ಡ ಬಂತು. ಲಗ್ನ ನಿಂತ್ವು. ಯಾವ ಮದುಮಗ ಗಡ್ಡ ಬಿಟ್ಕೊಂಡು ಹಸಿಮಣಿ ಏರ್ತಾನ? ಊರಾಗಿನ ಹಿರೇರು ಸಾವಂತ್ರೆವ್ವನ ತವರಮನಿಗೆ ಹೋಗಿ ಕೈ ಮುಗದ್ರು. ಆಕಿ ಅಪ್ಪನೂ ಕ್ಷೌರ ಮಾಡಾವನ, ಸಣ್ಣಾಕಿದ್ದಾಗ ಕತ್ತಿ ಹಿಡದಾಕಿನ. ಬಂದ್ಲು. ಎಮ್ಮಿ ಮಾರೋ ಸಂಗನಗೌಡ ಗಡ್ಡ ಕೆರಕೊಂತ ಬಂದ. "ಎಮ್ಮಿಗೆ ಜ್ವಾಳ ನಡೀತೈತೇನು?" ಅಂತ ಕೇಳಿದ್ಲು. "ನಡ್ಯಂಗಿಲ್ಲ" ಅಂದ. "ಹಂಗಾರ ಕೆರಕೋ" ಅಂದ್ಲು. ಒಂದು ವಾರ ಕೆರಕೊಂಡ. ಆಮ್ಯಾಲ ನಡೀತು.

ಭರಮಪ್ಪ ಎರಡೂ ಎಮ್ಮಿ ಬಾಜೂ ಬಾಜೂ ಕಟ್ಟಿದ, ಬಾಯಿ ಮುಚ್ಕೊಂಡು ಸಾಲಿನಾಗ ನಿಂತ. ಹೊತ್ತು ಇಳಿಯೂ ಹೊತ್ತಿಗೆ ಪಾಳಿ ಬಂತು. ಆಕಿ ಗದ್ದ ಎತ್ತಿ ನೀರು ಹಚ್ಚಿದ್ಲು. ಗುರ್ತು ಹಿಡದಿದ್ಲೋ ಇಲ್ಲೋ, ಮೋತಿ ನೋಡಿದ್ರ ತಿಳೀಲಿಲ್ಲ. ಅರ್ಧ ಗಡ್ಡ ಹೋದ ಮ್ಯಾಲ ಕತ್ತಿ ಕೊರಳ ಮ್ಯಾಲ ಬಂದು ನಿಂತಿತು.

"ಎಲ್ಲಿಗೆ ಹೋಗಿದ್ದಿ?"

"ಎಮ್ಮಿ ತರಾಕ. ಮೂಡಣ ದೇಶಕ್ಕ ಹೋದೆ, ಪಡುವಣ ದೇಶಕ್ಕ ಹೋದೆ. ಒಂದು ಕಡೆ ಎಮ್ಮಿಗೆ ಬಂಡಿಗಟ್ಟಲೆ ವರಹ, ಒಂದು ಕಡೆ ಅರ್ಧ ವರಹ. ನೀನ ಹೇಳಿದ್ದಿ ಅಲ್ಲ ಸಾವಂತ್ರಿ, ಎಮ್ಮಿ ಕಟ್ಟಿದ್ರ ಬರ್ತೀನಿ ಅಂತ?"

ಕತ್ತಿ ಕೆಳಗ ಇಳೀತು.

"ಹೇಳಿದ್ದೆ. ಸಿಟ್ಟಿನಾಗ ಹೇಳಿದ್ದೆ. ನಮ್ಮವ್ವನ ಮನಿ ಎಲ್ಲೈತೋ ಮಾರಾಯಾ? ಹಳ್ಳದ ಆ ದಂಡಿಗೆ. ಮಾರನೇ ದಿನ ಕರ್ಯಾಕ ಬರ್ತೀ ಅಂತ ತಲಿ ಬಾಚ್ಕೊಂಡು ಬಾಗಲಾಗ ಕುಂತಿದ್ದೆ. ಬರಿಗೈಲೆ ಬಂದಿದ್ರ ಗಂಟು ಹೊತ್ಕೊಂಡು ನಿನಗಿಂತ ಮುಂದ ನಡೀತಿದ್ದೆ. ಬೆಲಿ ಕೇಳ್ಕೊಂತ ದೇಶ ದೇಶ ತಿರುಗಿದಿ. ಆ ಹಳ್ಳ ದಾಟಾಕ ಏನ್ ಬೆಲಿ ಅಂತ ಒಂದ ದಿನ ಕೇಳಿದ್ಯಾ?"

ಭರಮಪ್ಪ ಅರ್ಧ ಗಡ್ಡದಾಗ ಕುಂತು ಕೂಸಿನಂಗ ಅತ್ತ. "ತಪ್ಪಾತು ಸಾವಂತ್ರಿ. ನಿನ್ನ ಬಿಟ್ಟು ನನಗ ಒಂದಿನಾನೂ ಅನ್ನ ಸೇರಲಿಲ್ಲ," ಅಂದ. ಆಕಿ ಸೆರಗಿಲೆ ಅವನ ಮೋತಿನೂ ಒರಸಿದ್ಲು, ತನ್ನ ಮೋತಿನೂ ಒರಸ್ಕೊಂಡ್ಲು. ಒಲಿ ಮ್ಯಾಲ ಹಾಲು ಉಕ್ಕಿ ಹೋತು, ಇಬ್ರೂ ಏಳಲಿಲ್ಲ. ಉಳದ ಅರ್ಧ ಗಡ್ಡ ಮರುದಿನ ಮುಂಜಾನೆ ಹೋತಂತ.

ಅವರ ಹಾಲು ಅವರು ಕುಡುದ್ರು, ನನ್ನ ಮಾತು ನೀವು ಕುಡುದ್ರಿ. ಗಡಿಗಿ ಬರಿದಾತು, ನನ್ನ ಬಾಯಿ ಒಣಗಿತು. ಏಳ್ರಿ ಇನ್ನ. ಮನ್ಯಾಗ ಸಿಟ್ಟಾಗಿ ಕುಂತವರು ಇದ್ರ ಮೊದಲು ಅವರನ್ನ ಮಾತಾಡಸ್ರಿ, ರಾತ್ರಿ ಊಟ ಆಮ್ಯಾಲ.